ಹದಿನೇಳನೇ ಚುಕ್ಕಿ

ಮಾಲ್ದಾರೆಯ ಲೈನುಮನೆ, ಕಾಫಿ ತೋಟ, ಹಡ್ಲು,
ಎಲ್ಲವನ್ನೂ ಚೌಕ ಚೌಕ ಕತ್ತರಿಸಿ
ಪರದೆಗೆ ತಂದಿದ್ದೇನೆ.
ಒಂದು ಚೌಕಕ್ಕೆ ಮೂವತ್ತು ಮೀಟರು.
ಹಲಸಿನ ಮರವಿದ್ದರೆ ಹಳದಿ, ಕೆರೆಯಿದ್ದರೆ ನೀಲಿ,
ಸೋಲಾರ್ ಬೇಲಿ ಹರಿದಲ್ಲಿ ಯಾವ ಬಣ್ಣವೂ ಇಲ್ಲ.

ಆನೆಗೆ ನಾಲ್ಕೇ ನಿಯಮ ಕೊಟ್ಟೆ:
ಹಸಿದರೆ ಹಳದಿಯ ಕಡೆ ನಡೆ,
ಬಾಯಾರಿದರೆ ನೀಲಿಗೆ,
ಮರಿಯನ್ನು ಮೂರು ಚೌಕದಾಚೆ ಬಿಡಬೇಡ,
ಪಟಾಕಿ ಸದ್ದಿಗೆ ತಿರುಗು, ತಿರುಗಬೇಕೆನಿಸಿದರೆ.
ಅಷ್ಟರಲ್ಲೇ ಅವು
ನಾನು ಹೇಳದ ಹಾದಿಯೊಂದನ್ನು ಸವೆಸಿದವು:
ತೋಡಿಗಿಳಿದು, ಮೆಣಸಿನ ಬಳ್ಳಿಯ ಸಾಲು ದಾಟಿ,
ಹಳೇ ಪಲ್ಪಿಂಗ್ ಮನೆಯ ಬೆನ್ನಿಗೆ.
ಮರುದಿನ ಹೋಗಿ ನೋಡಿದರೆ
ಅಲ್ಲೇ ಲದ್ದಿ, ಲದ್ದಿಯೊಳಗೆ ಕರಗದ ಕಾಫಿ ಬೀಜ.
ಕುಣಿದೆ ಅಂದು. ಸುಳ್ಳೇಕೆ.

ಕಷ್ಟವಾದದ್ದು ಮನುಷ್ಯರೇ.
ಇಪ್ಪತ್ತಾರು ಬಿಳಿ ಚುಕ್ಕಿ.
ಯಾವ ದಾರಿಯಲ್ಲಿ ನಡೆಯುತ್ತೀರಿ ಎಂದರೆ
ಎಲ್ಲರದ್ದೂ ಒಂದೇ ಬಾಯಿ: ಟಾರು ರಸ್ತೆ.
ಬರೆದುಕೊಂಡೆ. ಭಯ, ಹತ್ತಕ್ಕೆ ಎಂಟು.
ನೂರು ಸಲ ಓಡಿಸಿದರೂ ಪರದೆಯಲ್ಲಿ ಯಾರೂ ಸಾಯಲಿಲ್ಲ.
ಊರಲ್ಲಿ ಎರಡು ವರ್ಷಕ್ಕೆ ಮೂರು ಹೆಣ.

ನಕ್ಕವಳು ಪಣಿಯೆರವರ ಮುತ್ತೆ.
ಲ್ಯಾಪ್‌ಟಾಪಿಗೆ ಮೂಗು ತಾಗುವಷ್ಟು ಬಗ್ಗಿ
"ಇವರ್ಯಾರೂ ಕೆಲಸಕ್ಕೆ ಹೋಗೋರಲ್ಲ" ಅಂದಳು.
"ಟಾರು ರೋಡಲ್ಲಿ ಹೋದ್ರೆ ಅರ್ಧ ಗಂಟೆ ಹೆಚ್ಚು.
ಏಳೂವರೆಗೆ ರೈಟರು ಪುಸ್ತಕ ಮುಚ್ತಾನೆ.
ಮುಚ್ಚಿದ ಮೇಲೆ ಅರ್ಧ ಕೂಲಿ.
ಆನೆ ದಿನಾ ಸಿಗಲ್ಲ ಅಮ್ಮಾ,
ರೈಟರು ದಿನಾ ಸಿಗ್ತಾನೆ."

ಒಂದು ಸಾಲು ಸೇರಿಸಿದೆ:
ಗಂಟೆ ಏಳು ದಾಟಿದರೆ ಭಯವನ್ನು ಇಳಿಸು, ನಿಮಿಷಕ್ಕಿಷ್ಟು.
ಒಂದೇ ಸಾಲು, ಕೊನೆಗೊಂದು ಸೆಮಿಕೋಲನ್ನೂ ಇಲ್ಲ.
ಚುಕ್ಕಿಗಳು ರಸ್ತೆ ಬಿಟ್ಟು ತೋಡಿಗಿಳಿದವು
ಇದಕ್ಕೇ ಕಾದಿದ್ದವರ ಹಾಗೆ.

ಆಮೇಲೆ ಸತ್ತವು.
ನೂರು ಓಟಕ್ಕೆ ಹನ್ನೊಂದು.
ಹೆಚ್ಚು ಸಲ ಹದಿನೇಳನೆಯದು.
ಅದರ ಮನೆ ಲೈನಿನ ಕೊನೆಯಲ್ಲಿ,
ಮೊಮ್ಮಗಳಿಗೆ ಗಂಜಿ ಕುಡಿಸಿ ಹೊರಡುತ್ತದೆ,
ತಡವಾಗುತ್ತದೆ.
ಹದಿನೇಳು ಅಂದರೆ ಮುತ್ತೆ.
ಪಕ್ಕದಲ್ಲೇ ಕೂತು ಎಲೆಗೆ ಸುಣ್ಣ ಸವರುತ್ತ
ನೋಡುತ್ತಿದ್ದಳು ತನ್ನನ್ನೇ,
ಅಕ್ಕಿಕಾಳಿನಷ್ಟು ಬೆಳ್ಳಗೆ ನಡೆದುಹೋಗಿ
ಕಪ್ಪಿಗೆ ತಾಗಿ ಆರಿದ್ದನ್ನು.
ಗುಂಡಿ ಒತ್ತಿದರೆ ಮತ್ತೆ ಬೆಳಗಿನ ಆರು,
ಮತ್ತೆ ಲೈನುಮನೆಯ ಬಾಗಿಲು.
"ಇನ್ನೊಂದ್ಸಲ ಬಿಡಿ" ಅಂದಳು.
ಬಿಟ್ಟೆ. ದಾಟಿದಳು. ಚಪ್ಪಾಳೆ ತಟ್ಟಿದಳು.
ಮುಂದಿನ ಓಟಕ್ಕೆ ನನಗೆ ಕೈ ಬರಲಿಲ್ಲ.

ಆದರೆ ಸಾವಿರ ಓಟವಾದರೂ ಬೇಕು, ಇಲ್ಲದಿದ್ದರೆ ಅದು ಲೆಕ್ಕವಲ್ಲ.
ಪೊನ್ನಂಪೇಟೆಯ ಹಾಸ್ಟೆಲಿನಲ್ಲಿ
ಯಂತ್ರವನ್ನು ಓಡಲು ಬಿಟ್ಟು, ಕಂಬಳಿ ಹೊದ್ದು
ಗೋಡೆಯ ಕಡೆ ತಿರುಗಿ ಮಲಗಿದೆ.
ಬೆಳಗಾದಾಗ ಒಂದು ಕೋಷ್ಟಕ:
ಹಾಜರಿ ಎಂಟಕ್ಕಾದರೆ
ನೂರಕ್ಕೆ ಹನ್ನೊಂದು ಇದ್ದದ್ದು ಎರಡು.
ಕಂದಕ ಬೇಡ, ಹೊಸ ಬೇಲಿ ಬೇಡ,
ಕೊರಳಿಗೆ ರೇಡಿಯೋ ಪಟ್ಟಿ ಬೇಡ.
ಅರ್ಧ ಗಂಟೆ ಸಾಕು.

ಪಳಂಗಪ್ಪನವರು ಕಾಫಿ ಕೊಟ್ಟರು, ಹಾಳೆ ತಿರುವಿದರು,
ಕನ್ನಡಕ ತೆಗೆದು ಕೇಳಿದರು:
"ಆ ಎರಡು ಯಾರು?"
ನನ್ನ ಮಾದರಿಗೆ ಅದು ತಿಳಿಯದು ಎಂದೆ.
"ಬೆಲ್ಲಿನ ವಿಷಯ ರೈಟರ್‌ನ ಕೇಳಿ" ಎಂದರು,
ಪೇಪರ್ ಬಿಡಿಸಿದರು.

ರೈಟರ್ ಬಾಲನ್ ಹಾಜರಿ ಪುಸ್ತಕದ ಮೇಲೆ
ಒದ್ದೆ ಹೆಲ್ಮೆಟ್ ಇಟ್ಟ.
"ನಂಗೆ ಏಳೂಕಾಲಿಗೆ ಫೋನ್ ಬರುತ್ತೆ ಮೇಡಂ,
ಎಷ್ಟು ಜನ ಬಂದ್ರು ಅಂತ.
ನಾನೂ ಅದೇ ತೋಡಿನ ದಾರೀಲೇ ಬರೋದು,
ಲೈಟ್ ಆರಿಸ್ಕೊಂಡು, ಗಾಡಿ ತಳ್ಕೊಂಡು."
ಅವನಿಗೆ ನಾನು ಚುಕ್ಕಿಯನ್ನೇ ಇಟ್ಟಿರಲಿಲ್ಲ.

ಇಟ್ಟೆ, ಇಪ್ಪತ್ತೇಳನೆಯದು.
ಫೋನಿನ ಆ ತುದಿಯವರಿಗೆ
ಯಾವ ಚೌಕ ಕೊಡಬೇಕೋ ಇನ್ನೂ ತೋಚಿಲ್ಲ.

ಸಿಕ್ಕಾಗೆಲ್ಲ ಮುತ್ತೆ ಕೇಳುತ್ತಾಳೆ:
"ನಿನ್ನೆ ರಾತ್ರಿ ಎಷ್ಟು ಸಲ ಹೋದೆ ನಾನು?"
ಲೆಕ್ಕ ಹೇಳುತ್ತೇನೆ,
ದಾಟಿದ್ದರದ್ದು ಮಾತ್ರ.